ನಲ್ಲಿಯೊಳಗಿನ ಮುಸುರೆ

ಮೂರನೆಯ ಸಲವೂ ಹತ್ತು ಲೀಟರ್ ಶುಂಠಿ ಬಿಯರನ್ನು ಬಚ್ಚಲಿಗೆ ಸುರಿದ ರಾತ್ರಿ ಅವ್ವ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅರ್ಧ ಕಿಲೋ ಶುಂಠಿ, ಒಂದು ಕಿಲೋ ಸಕ್ಕರೆ, ಇಪ್ಪತ್ತು ನಿಂಬೆಹಣ್ಣು. ಮೇ ತಿಂಗಳಲ್ಲಿ ಪುಣೆಯ ಮಂಡಿಯಲ್ಲಿ ನಿಂಬೆಹಣ್ಣು ಕೊಂಡವರಿಗೆ ನನ್ನ ಸಂಕಟ ಅರ್ಥವಾದೀತು. ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿದರೆ ಅದು ನೀರಿನ ಹಾಗೆ ಬೀಳಲಿಲ್ಲ. ಬೆಂಡೆಕಾಯಿ ಹೆಚ್ಚಿ ಚಾಕು ಎತ್ತಿದಾಗ ಎಳೆ ಬರುತ್ತದಲ್ಲ, ಹಾಗೆ ಬಾಟಲಿಯ ಬಾಯಿಂದ ಲೋಟದವರೆಗೆ ಒಂದು ಎಳೆ ತೂಗಿ, ಫ್ಯಾನಿನ ಗಾಳಿಗೆ ಬಾಗಿ, ಮೇಜಿನ ಮೇಲೆ ಮಲಗಿತು.

ಸಾಮಾನು ನನ್ನದಲ್ಲ, ಭಾವನದು. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಒಂಬತ್ತು ವರ್ಷ ಇದ್ದು ಬಂದವರು ಅಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತಿದ್ದರು. ಅಲ್ಲಿ 1978ರಲ್ಲಿ ಕಾನೂನು ಬದಲಾಗಿ ಮನೆಬಳಕೆಯ ಬಿಯರಿಗೆ ಅನುಮತಿ ಸಿಕ್ಕಿತು. ಇಲ್ಲಿ ಮಹಾರಾಷ್ಟ್ರದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1949ರ ಪಾನನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಭಾವ ಅಕ್ಕನೊಂದಿಗೆ ಬೆಂಗಳೂರಿಗೆ ಹೊರಟಾಗ ಇಡೀ ಸರಂಜಾಮು ಪುಣೆಯ ಅಂಚಿನ ವಾಘೋಲಿಯ ನಮ್ಮ ಬಾಲ್ಕನಿಗೆ ಬಂದು ಬಿದ್ದಿತು: ನಲ್ಲಿ ಇರುವ 23 ಲೀಟರಿನ ಬಿಳಿ ಪ್ಲಾಸ್ಟಿಕ್ ಬಕೆಟ್, ಅದರ ಮುಚ್ಚಳಕ್ಕೊಂದು ಏರ್‌ಲಾಕ್ (ಒಳಗಿನ ಅನಿಲ ಬಿಟ್ಟು ಹೊರಗಿನ ಗಾಳಿ ತಡೆಯುವ ಬಿರಡೆ), ಎರಡು ಮೀಟರ್ ಸಿಲಿಕೋನ್ ಕೊಳವೆ, 19 ಲೀಟರಿನ ಸ್ಟೀಲ್ ಕೆಗ್ (ಒತ್ತಡ ತಾಳುವ ಪೀಪಾಯಿ), ಬಾಟಲಿ ತುಂಬುವ ಕೋಲು, ಅರ್ಧ ಬಾಟಲಿ ಸ್ಟಾರ್‌ಸ್ಯಾನ್ ಎಂಬ ಸ್ಯಾನಿಟೈಸರ್. ನಾನು ಅದರಲ್ಲಿ ಮಾಡಲು ಹೊರಟದ್ದು ಶುಂಠಿಯ ಗುಳ್ಳೆ ಪಾನಕವನ್ನು, ಅಷ್ಟೇ. ಚಿಟಿಕೆ ಯೀಸ್ಟ್ ಹಾಕಿ ಒಂದು ದಿನ ಬಕೆಟಿನಲ್ಲಿ, ಒಂದು ದಿನ ಬಾಟಲಿಯಲ್ಲಿ, ಗುಳ್ಳೆ ಕಟ್ಟಿದೊಡನೆ ಫ್ರಿಜ್ಜಿಗೆ. ಹೆಸರಿನಲ್ಲಿ ಬಿಯರ್ ಇದೆ; ಅವ್ವ ಅದನ್ನು 'ಸೋಡಾ' ಎಂದೇ ನೆರೆಯವರಿಗೆ ಹೇಳುತ್ತಾಳೆ.

ಮೊದಲನೆಯ ಸಲ ಕೆಟ್ಟದ್ದಕ್ಕೆ ನಾನೇ ಹೊಣೆ, ಅದರಲ್ಲಿ ಗುಟ್ಟೇನೂ ಇಲ್ಲ. ಬಕೆಟನ್ನು ಬ್ಲೀಚ್ ನೀರಿನಲ್ಲಿ ನೆನೆಹಾಕಿ, ಒಂದೇ ಸಲ ತೊಳೆದು, ಶುಂಠಿ ನೀರು ತುಂಬಿದ್ದೆ. ಕುಡಿದರೆ ಆಸ್ಪತ್ರೆಯ ಬ್ಯಾಂಡೇಜ್ ಬಾಯಲ್ಲಿಟ್ಟ ಹಾಗಾಯಿತು. ಕ್ಲೋರಿನ್ ಫಿನಾಲ್ ಜಾತಿಯ ವಸ್ತುಗಳೊಂದಿಗೆ ಸೇರಿದರೆ ಕ್ಲೋರೋಫಿನಾಲ್ ಆಗುತ್ತದೆ, ಅದು ಕಣದಷ್ಟಿದ್ದರೂ ನಾಲಿಗೆ ಹಿಡಿಯುತ್ತದೆ. ಭಾವನಿಗೆ ಫೋನ್ ಮಾಡಿದಾಗ ಅವರ ಮೊದಲ ಪ್ರಶ್ನೆಯೇ, "ಕೆಗ್ಗಿಗೂ ಬ್ಲೀಚ್ ಹಾಕಿದೆಯಾ?" ಎಂದು. ಇಲ್ಲವೆಂದೆ. ಅವರು ಉಸಿರು ಬಿಟ್ಟದ್ದು ಬೆಂಗಳೂರಿನಿಂದ ಕೇಳಿಸಿತು. ಕ್ಲೋರಿನ್ ನೀರು ಸ್ಟೀಲಿನ ಮೇಲೆ ನಿಂತರೆ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ, ಆಮೇಲೆ ಆ ಗುಳಿಗಳಲ್ಲಿ ಏನು ಬೇಕಾದರೂ ಮನೆ ಮಾಡುತ್ತದೆ. ಬ್ಲೀಚಿನ ಜೊತೆ ವಿನೆಗರ್ ಅಥವಾ ಬೇರಾವ ಆಮ್ಲವನ್ನೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಇದನ್ನು ಅವರು ಎರಡು ಸಲ ಹೇಳಿದರು. ಬ್ಲೀಚ್ ಬಾಟಲಿ ಅಂದೇ ಶೌಚಾಲಯದ ಕಪಾಟಿಗೆ ಹೋಯಿತು.

ಎರಡನೆಯ ಸಲ ಭಾವ ಹೇಳಿದಂತೆ ಸ್ಟಾರ್‌ಸ್ಯಾನ್ ಬಳಸಿದೆ. ಫಾಸ್ಫರಿಕ್ ಆಮ್ಲ ಮತ್ತು ನೊರೆ ಬರಿಸುವ ಇನ್ನೊಂದು ಆಮ್ಲದ ಮಿಶ್ರಣ ಅದು. ಲೀಟರಿಗೆ ಒಂದೂವರೆ ಮಿಲಿ ಸಾಕು, ಎರಡು ನಿಮಿಷ ತೇವವಾಗಿದ್ದರೆ ಸಾಕು, ಮತ್ತೆ ತೊಳೆಯಬೇಕಿಲ್ಲ, ನೊರೆ ಉಳಿದರೂ ಅಡ್ಡಿಯಿಲ್ಲ. ನೊರೆ ಉಳಿಸುವುದಕ್ಕೆ ನನ್ನ ಕೈ ಬರಲಿಲ್ಲ, ನಿಜ. ಸಾಬೂನಿನ ನೊರೆ ಉಳಿದ ತಟ್ಟೆಯಲ್ಲಿ ಯಾರಾದರೂ ಊಟ ಬಡಿಸುತ್ತಾರೆಯೇ? ಆದರೂ ಉಳಿಸಿದೆ. ಫ್ರಿಜ್ಜಿಗೆ ಹೋದ ನಾಲ್ಕನೆಯ ದಿನಕ್ಕೆ ಲೋಳೆ. ಮೂರನೆಯ ಸಲ ಸ್ಟಾರ್‌ಸ್ಯಾನ್ ಎರಡು ಪಟ್ಟು ಹಾಕಿದೆ. ಇನ್ನೂ ಗಟ್ಟಿ ಲೋಳೆ.

ಅವ್ವ ಬಾಯಿ ತೆರೆದದ್ದು ಮರುದಿನ ಬೆಳಿಗ್ಗೆ, ಇಡ್ಲಿ ಹಿಟ್ಟು ಕಲಸುತ್ತ. "ನೀನು ಆ ಬಕೆಟನ್ನು ತಿಕ್ಕಿದ್ದನ್ನು ನಾನು ನೋಡಿಲ್ಲ. ಬರೀ ಆ ಔಷಧಿ ನೀರು ಆಡಿಸುತ್ತೀಯ. ಮುಸುರೆ ಪಾತ್ರೆಗೆ ಎಷ್ಟು ಗಂಗೋದಕ ಸುರಿದರೂ ಅದು ಮುಸುರೆಯೇ ಅಲ್ಲವೇನೋ?"

ನಾನು ಹದಿನೆಂಟು ವರ್ಷಗಳಿಂದ ವಾಹನದ ಬಿಡಿಭಾಗಗಳ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ಎಣ್ಣೆ ಅಂಟಿದ ಭಾಗಕ್ಕೆ ಬಣ್ಣ ಹೊಡೆದು ಬಂದವರನ್ನು ಇದೇ ಮಾತಿನಿಂದ ಹಿಂದಕ್ಕೆ ಕಳಿಸುತ್ತೇನೆ. ಮುಸುರೆ ತೊಳೆಯುವುದು ಒಂದು ಕೆಲಸ, ಮಡಿ ಮಾಡುವುದು ಇನ್ನೊಂದು. ಜಿಡ್ಡು, ಸಕ್ಕರೆ, ಯೀಸ್ಟಿನ ಗಸಿ ಅಂಟಿಕೊಂಡ ಜಾಗದಲ್ಲಿ ಸೂಕ್ಷ್ಮಾಣುಗಳು ಲೋಳೆಯ ಹೊದಿಕೆ ಹೊದ್ದು ಕೂರುತ್ತವೆ. ಸ್ಯಾನಿಟೈಸರ್ ಆ ಹೊದಿಕೆಯ ಮೇಲೆ ಹರಿದು ಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ನಾನು ಎರಡನೆಯ ಕೆಲಸವನ್ನು ಎರಡು ಪಟ್ಟು ಮಾಡಿ ಮೊದಲನೆಯದನ್ನು ಪೂರ್ತಿ ಬಿಟ್ಟಿದ್ದೆ.

ಆ ಭಾನುವಾರ ಪುಣೆಯ ರವಿವಾರ ಪೇಟೆಗೆ ಹೋಗಿ ಸೋಡಿಯಂ ಪರ್‌ಕಾರ್ಬೊನೇಟ್ ತಂದೆ. ಇದು ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ: ಸೋಡಾ ಜಿಡ್ಡು ಬಿಡಿಸುತ್ತದೆ, ಪೆರಾಕ್ಸೈಡಿನ ಗುಳ್ಳೆ ಕೈ ತಲುಪದ ಮೂಲೆಯ ಕೊಳೆಯನ್ನು ಎಬ್ಬಿಸುತ್ತದೆ. ಭಾವನ ಡಬ್ಬಿಯಲ್ಲೂ ಇಂಥದೇ ಪುಡಿ ಇತ್ತು, ಮೂರು ಮಳೆಗಾಲ ಕಂಡು ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿತ್ತು. ಎರಡು ಲೋಟ ಬಿಸಿನೀರಿಗೆ ಎರಡರಿಂದಲೂ ಒಂದೊಂದು ಚಮಚ ಹಾಕಿ ನೋಡಿದೆ. ಹೊಸದು ಈನೋ ಹಾಕಿದಂತೆ ಬುರುಗು ಬಂದಿತು. ಹಳೆಯದು ಸುಮ್ಮನೆ ಕರಗಿತು. ತೇವ ತಾಗಿದರೆ ಅದರ ಆಮ್ಲಜನಕ ಹಾರಿಹೋಗುತ್ತದೆ, ಉಳಿಯುವುದು ಬರೀ ಸೋಡಾ.

ಬಕೆಟಿಗೆ ಗೀಸರಿನ ನೀರು ಸಾಲದೆಂದು ಒಲೆಯ ಮೇಲೆ ಕಾಯಿಸಿ, 60 ಡಿಗ್ರಿಯಷ್ಟಿರುವಾಗ ತುಂಬಿದೆ. ಲೀಟರಿಗೆ ಎಂಟು ಗ್ರಾಂ ಪುಡಿ. ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಸ್ಟೀಲಿನ ಜುಂಗು ಮುಟ್ಟಿಸಲಿಲ್ಲ, ಪ್ಲಾಸ್ಟಿಕ್ಕಿಗೆ ಗೀರು ಬಿದ್ದರೆ ಅಲ್ಲೇ ಮುಸುರೆಗೆ ಜಾಗವಾಗುತ್ತದೆ. ನೀರು ಚೆಲ್ಲಿ ಒಣಗಿಸಿದರೆ ಒಳಗೆಲ್ಲ ಬಿಳಿ ಪುಡಿ. ಪುಡಿ ಸರಿಯಾಗಿ ತೊಳೆದಿಲ್ಲವೆಂದು ಮತ್ತೆ ತೊಳೆದೆ. ಮತ್ತೆ ಬಿಳಿ. ಉಗುರಿನಿಂದ ಕೆರೆದರೆ ಸುಣ್ಣದಂತೆ ಉದುರಿತು, ಮೇಲೊಂದು ಹನಿ ವಿನೆಗರ್ ಬಿಟ್ಟರೆ ಚುರ್ರೆಂದಿತು. ಅದು ನಿಜವಾಗಿಯೂ ಸುಣ್ಣವೇ! ಪುಣೆ ನಗರದ ಒಳಗಿರುವವರಿಗೆ ಖಡಕ್‌ವಾಸ್ಲಾದ ಮೆದು ನೀರು ನಲ್ಲಿಯಲ್ಲಿ ಬರುತ್ತದೆ. ನಮ್ಮ ಸೊಸೈಟಿಗೆ ಬೇಸಿಗೆಯಲ್ಲಿ ಟ್ಯಾಂಕರೇ ಗತಿ, ಟ್ಯಾಂಕರಿಗೆ ಬೋರ್‌ವೆಲ್ಲೇ ಗತಿ. ಆ ನೀರಿನ ಕ್ಯಾಲ್ಸಿಯಂ ಸೋಡಾದ ಕಾರ್ಬೊನೇಟನ್ನು ಹಿಡಿದು ಸುಣ್ಣಕಲ್ಲಾಗಿ ಗೋಡೆಗೆ ಕೂರುತ್ತಿತ್ತು. ಲೀಟರಿಗೆ ಇಪ್ಪತ್ತು ಗ್ರಾಂ ಸಿಟ್ರಿಕ್ ಆಮ್ಲ ಹಾಕಿದ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ಇಟ್ಟ ಮೇಲೆ ಬಕೆಟ್ ಹೊಳೆಯಿತು.

ಇದರಿಂದ ಇನ್ನೊಂದು ತಪ್ಪೂ ಸಿಕ್ಕಿಬಿದ್ದಿತು. ಸ್ಟಾರ್‌ಸ್ಯಾನ್ ಕೆಲಸ ಮಾಡುವುದು ಅದರ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 3 ಅಥವಾ ಅದಕ್ಕಿಂತ ಕೆಳಗಿದ್ದರೆ. ಬೋರಿನ ಗಡಸು ನೀರು ಆ ಆಮ್ಲವನ್ನು ತಾನೇ ನುಂಗುತ್ತದೆ. ನಾನು ಬೆರೆಸಿದ್ದ ನೀರು ಹಾಲು ಕದಡಿದಂತೆ ಮಬ್ಬಾಗಿದ್ದದ್ದು ಇದಕ್ಕೇ. ಈಗ ಅಡುಗೆಮನೆಯ ಆರ್‌ಒ ನೀರಿನಲ್ಲಿ ಬೆರೆಸುತ್ತೇನೆ: ಆರು ಲೀಟರಿಗೆ ಒಂಬತ್ತು ಮಿಲಿ, ಔಷಧಿ ಅಂಗಡಿಯ ಸಿರಿಂಜಿನಿಂದ ಅಳೆದು, ಪಿಎಚ್ ಕಾಗದ ಅದ್ದಿ ನೋಡಿ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಉಳಿತಾಯವೆಂದು ಕೊನೆಯ ತೊಳೆತಕ್ಕೆ ಬಳಸುವ ಆಸೆಯಾಯಿತು. ಟ್ಯಾಂಕರಿನ ಸುಣ್ಣವೆಲ್ಲ ಸೇರಿರುವುದು ಅದರಲ್ಲೇ ಎಂದು ಹೊಳೆದು, ಅದನ್ನು ನೆಲ ಒರೆಸಲು ಬಿಟ್ಟೆ.

ಇಷ್ಟಾದ ಮೇಲೆ ನೇರವಾಗಿ ನಾಲ್ಕನೆಯ ಸಲಕ್ಕೆ ಕೈ ಹಾಕಬಹುದಿತ್ತು. ಹಾಕಲಿಲ್ಲ. ಕಾರ್ಖಾನೆಯಲ್ಲಾದರೆ ದೋಷ ಎಲ್ಲಿದೆಯೆಂದು ತೋರಿಸದೆ ಯಂತ್ರ ಚಾಲೂ ಮಾಡಲು ಬಿಡುವುದಿಲ್ಲ, ಮನೆಯಲ್ಲಿ ಮಾತ್ರ ಯಾಕೆ ಬಿಡಬೇಕು? ದೊಡ್ಡ ಬ್ರೂವರಿಗಳಲ್ಲಿ ಒಂದು ಪರೀಕ್ಷೆ ಇದೆ: ಯೀಸ್ಟ್ ಹಾಕದ ರಸವನ್ನು ತಮ್ಮ ಸಲಕರಣೆಯಿಂದ ಹಾಯಿಸಿ, ಶುದ್ಧ ಬಾಟಲಿಯಲ್ಲಿ ಬೆಚ್ಚಗಿಟ್ಟು, ಎಷ್ಟು ದಿನಕ್ಕೆ ತಾನಾಗಿ ಕೆಡುತ್ತದೆ ಎಂದು ನೋಡುತ್ತಾರೆ. ಯೀಸ್ಟೇ ಇಲ್ಲದ ರಸದಲ್ಲಿ ಏನಾದರೂ ಬೆಳೆದರೆ ಅದು ಹೊರಗಿನಿಂದ ಬಂದದ್ದೇ.

ಐದು ಜಾಮ್ ಬಾಟಲಿ ತೆಗೆದುಕೊಂಡೆ. ಬೆಲ್ಲ ಮತ್ತು ಶುಂಠಿ ಹಾಕಿದ ನೀರನ್ನು ಅವುಗಳಲ್ಲಿ ಮುಕ್ಕಾಲು ತುಂಬಿ, ಮುಚ್ಚಳ ಸಡಿಲವಾಗಿಟ್ಟು ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿದೆ. ಬರೀ ಕುದಿಸಿದರೆ ಸಾಲದು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ, ಬೆಲ್ಲದಲ್ಲಿರುವ ಗಟ್ಟಿ ಬೀಜಾಣುಗಳು ಅದಕ್ಕೆ ಬಗ್ಗುವುದಿಲ್ಲ. ಕುಕ್ಕರಿನೊಳಗೆ 120ರ ಆಸುಪಾಸು ಹೋಗುತ್ತದೆ. ತಣ್ಣಗಾದ ಮೇಲೆ ಒಂದು ಬಾಟಲಿಯನ್ನು ಮುಟ್ಟಲೇ ಇಲ್ಲ, ಸಾಕ್ಷಿಗೆಂದು ಹಾಗೇ ಬಿಗಿದಿಟ್ಟೆ. ಎರಡನೆಯದರ ರಸವನ್ನು ತೊಳೆದು ಮಡಿ ಮಾಡಿದ ಬಕೆಟಿನ ತಳದಲ್ಲಿ ಆಡಿಸಿ, ಬಕೆಟನ್ನು ಓರೆ ಮಾಡಿ ಅದೇ ಬಾಟಲಿಗೆ ಹಿಂದಕ್ಕೆ ಸುರಿದೆ. ಮೂರನೆಯದನ್ನು ನಲ್ಲಿಯ ಮೂಲಕ, ನಾಲ್ಕನೆಯದನ್ನು ಕೊಳವೆಯ ಮೂಲಕ, ಐದನೆಯದನ್ನು ಬಾಟಲಿ ತುಂಬುವ ಕೋಲಿನ ಮೂಲಕ ಹಾಯಿಸಿದೆ. ಚೀಟಿ ಅಂಟಿಸಿ ಫ್ರಿಜ್ಜಿನ ಮೇಲೆ ಸಾಲಾಗಿ ನಿಲ್ಲಿಸಿದೆ.

ನಡುವೆ ಒಂದು ಬಾಟಲಿಯನ್ನು ಮತ್ತೆ ಮಾಡಬೇಕಾಯಿತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡವನು ಫೋನ್ ಬಂದಿತೆಂದು ಎತ್ತಿ, ಅದೇ ಕೈಯಿಂದ ಮುಚ್ಚಳದ ಒಳಬದಿ ಹಿಡಿದಿದ್ದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮಡಿ ಹೋಯಿತು," ಎಂದಳು. ಬೆಳಗಾವಿಯ ಮನೆಯಲ್ಲಿ ಹಬ್ಬದ ದಿನ ಒದ್ದೆ ಸೀರೆಯಲ್ಲಿ ಅಡುಗೆ ಮಾಡುವಾಗ ನಾವು ಮಕ್ಕಳು ಹತ್ತಿರ ಸುಳಿದರೆ ಇದೇ ದನಿಯಲ್ಲಿ ಹೇಳುತ್ತಿದ್ದಳು. ಆಗ ಸಿಟ್ಟು ಬರುತ್ತಿತ್ತು. ಈಗ ಸುಮ್ಮನೆ ಹೋಗಿ ಕೈ ತೊಳೆದುಕೊಂಡೆ.

ಮರುದಿನ ಸಂಜೆ ಕೆಲಸದಿಂದ ಬಂದಾಗ ಐದರಲ್ಲಿ ನಾಲ್ಕು ಚಹಾದ ಡಿಕಾಕ್ಷನ್ನಿನಂತೆ ತಿಳಿಯಾಗಿದ್ದವು. 'ನಲ್ಲಿ' ಎಂದು ಬರೆದದ್ದರ ಹಿಂದೆ ಬೆರಳಿಟ್ಟರೆ ಬೆರಳು ಕಾಣುತ್ತಿರಲಿಲ್ಲ. ಮೂರನೆಯ ದಿನ ಅದಕ್ಕೆ ಚಮಚ ಅದ್ದಿ ಎತ್ತಿದೆ. ಎಳೆ ಬಂದಿತು. ಅದೇ ಬೆಂಡೆಕಾಯಿ.

ಬಕೆಟಿನ ನಲ್ಲಿಯನ್ನು ನಾನು ಅಲ್ಲಿಯವರೆಗೆ ಒಂದೇ ತುಂಡು ಎಂದುಕೊಂಡಿದ್ದೆ. ಒಳಗಿನಿಂದ ನಟ್ಟು ಬಿಚ್ಚಿ ಹೊರತೆಗೆದು, ನೀರು ಹಾಯಿಸಿ ತೊಳೆದು, ಮತ್ತೆ ಸೇರಿಸುತ್ತಿದ್ದೆ. ಭಾವನಿಗೆ ಫೋಟೋ ಕಳಿಸಿ ಕೇಳಿದೆ.

"ನಡುವಿನ ಉರುಳೆಯನ್ನು ತೆಗೆದಿದ್ದೀಯಾ?"

"ಅದು ತೆಗೆಯುವಂಥದ್ದೇ, ಭಾವ?"

"ಬಿಸಿನೀರಲ್ಲಿ ಹಾಕಿ, ಕೆಳಗಿನಿಂದ ಹೆಬ್ಬೆರಳಿನಲ್ಲಿ ಒತ್ತು. ಹೆದರಬೇಡ, ಮುರಿಯುವುದಿಲ್ಲ."

"ನೀವು ಎಷ್ಟು ಸಲ ತೆಗೆದಿದ್ದಿರಿ?"

ಸ್ವಲ್ಪ ಹೊತ್ತು ಉತ್ತರವಿಲ್ಲ. "ನಾನು ಅದನ್ನು ಅಲ್ಲೇ ಬಿಟ್ಟು ಬಂದೆನೆಂದುಕೊಂಡಿದ್ದೆ," ಎಂದರು.

ಹತ್ತು ನಿಮಿಷ ಬಿಸಿನೀರಿನಲ್ಲಿಟ್ಟೆ. ಪಂಚೆಯ ತುದಿಯಿಂದ ಹಿಡಿದು, ಸೌಟಿನ ಹಿಡಿಕೆ ಕೊಟ್ಟು ಒತ್ತಿದೆ. ಮೊದಲು ಅಲುಗಲಿಲ್ಲ. ಆಮೇಲೆ ಒದ್ದೆ ಬಿರಡೆ ಕಿತ್ತಂಥ ಸದ್ದಿನೊಂದಿಗೆ ಉರುಳೆ ಮೇಲೆದ್ದಿತು. ಹಿಡಿಕೆ ತಿರುಗಿಸಿದಾಗ ತಿರುಗುವ ಭಾಗವೇ ಅದು, ಹೆಬ್ಬೆರಳಿನಷ್ಟು ದಪ್ಪ, ಅಡ್ಡಕ್ಕೆ ಒಂದು ರಂಧ್ರ. ರಂಧ್ರ ಶುಭ್ರವಾಗಿತ್ತು, ನೀರು ಹಾಯುತ್ತಿದ್ದದ್ದು ಅಲ್ಲೇ ತಾನೆ. ಆದರೆ ಉರುಳೆಯ ಹೊರಮೈ ಮತ್ತು ನಲ್ಲಿಯ ಒಳಗೋಡೆ ಒಂದಕ್ಕೊಂದು ತಾಗುವ ಕಡೆ, ಕಾಗದ ತೂರದಷ್ಟು ಸಂದಿನಲ್ಲಿ, ಬೂದುಕಂದು ಬಣ್ಣದ ಪದರ. ಬೆರಳಿನಿಂದ ಒರೆಸಿದರೆ ಸಾಬೂನಿನಂತೆ ಜಾರಿತು, ಒರೆಸಿದಷ್ಟೂ ಬಂದಿತು. ಕೆಳತುದಿಯಲ್ಲಿ ಒಂದು ಕಪ್ಪು ಗೆರೆ ಉಂಗುರದಂತೆ ಸುತ್ತಿಕೊಂಡಿತ್ತು. ವಾಸನೆ ಹುಳಿ ಬಂದ ಇಡ್ಲಿ ಹಿಟ್ಟು ಮತ್ತು ಹಿಂಡದೆ ಬಿಟ್ಟ ನೆಲ ಒರೆಸುವ ಬಟ್ಟೆ, ಎರಡೂ ಸೇರಿದ ಹಾಗೆ. ಪ್ರತಿ ಸಲ ನಲ್ಲಿ ತಿರುಗಿಸಿದಾಗಲೂ ಉರುಳೆ ಆ ಪದರದಿಂದ ಒಂದಿಷ್ಟನ್ನು ತನ್ನ ರಂಧ್ರದ ಬಾಯಿಗೆ ಸವರಿಕೊಂಡು, ಪಾನಕದೊಂದಿಗೆ ಬಾಟಲಿಗೆ ಕಳಿಸುತ್ತಿತ್ತು.

ಇಡ್ಲಿ ಹಿಟ್ಟಿನ ವಾಸನೆ ಸುಮ್ಮನೆ ಬಂದದ್ದಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಲ್ಯೂಕೊನೊಸ್ಟಾಕ್. ಅದೇ ಜಾತಿ ಸಕ್ಕರೆ ನೀರಿನಲ್ಲಿ ಬಿದ್ದರೆ ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಲೋಳೆಯಾಗಿ ಹೆಣೆಯುತ್ತದೆ. ಕಬ್ಬು ಕಡಿದು ತಡವಾಗಿ ಅರೆದರೆ ಸಕ್ಕರೆ ಕಾರ್ಖಾನೆಯವರಿಗೆ ಕಾಟ ಕೊಡುವುದೂ ಇದೇ. ಮೂಗಿನಿಂದ ಬ್ಯಾಕ್ಟೀರಿಯಾದ ಹೆಸರು ಹೇಳುವಷ್ಟು ಪಂಡಿತ ನಾನಲ್ಲ, ಆದರೂ ಅಂದಿನಿಂದ ಅವ್ವನ ಹಿಟ್ಟಿನ ಪಾತ್ರೆ ಒಂದು ಕಟ್ಟೆಗೆ, ನನ್ನ ಬಕೆಟ್ ಇನ್ನೊಂದು ಕಟ್ಟೆಗೆ. ಅವ್ವನಿಗೆ ಇದು ಅವಮಾನವೆನಿಸಿತು. "ನನ್ನ ಹಿಟ್ಟಿಗೆ ನಿನ್ನ ನಲ್ಲಿಯ ಮುಸುರೆ ಬರದಿದ್ದರೆ ಸಾಕು," ಎಂದಳು.

ನಲ್ಲಿಯ ಮೂರು ತುಂಡು, ರಬ್ಬರ್ ವಾಶರ್, ನಟ್ಟು ಎಲ್ಲವನ್ನೂ ಬಿಸಿ ಪರ್‌ಕಾರ್ಬೊನೇಟಿನಲ್ಲಿ ರಾತ್ರಿ ನೆನೆಸಿದೆ. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಟ್ಟಿನ ತಿರುಪಿನ ಗೆರೆಗಳನ್ನು ತಿಕ್ಕಿ, ಸಿಟ್ರಿಕ್ ಆಮ್ಲದಲ್ಲಿ ಅದ್ದಿ, ತೊಳೆದು, ಸ್ಟಾರ್‌ಸ್ಯಾನಿನಲ್ಲಿ ಎರಡು ನಿಮಿಷ. ಕಪ್ಪು ಉಂಗುರ ಪೂರ್ತಿ ಹೋಗಲಿಲ್ಲ, ಕಲೆ ಉಳಿಯಿತು. ಹೊಸ ನಲ್ಲಿ ತರಿಸುವುದು ಕಡಿಮೆ ರಗಳೆಯದೆಂದು ಗೊತ್ತು. ಆದರೆ ಇಷ್ಟು ಸತಾಯಿಸಿದ್ದನ್ನು ಗೆಲ್ಲದೆ ಎಸೆಯಲು ಮನಸ್ಸಾಗಲಿಲ್ಲ. ಮತ್ತೆ ಐದು ಬಾಟಲಿಯ ಪರೀಕ್ಷೆ, ಈ ಸಲ ಎರಡೇ ಬಾಟಲಿ: ಸಾಕ್ಷಿ, ನಲ್ಲಿ. ಐದು ದಿನ ಎರಡೂ ತಿಳಿಯಾಗಿದ್ದವು. ಆರನೆಯ ದಿನ ಹೆಂಡತಿಗೆ ಜಾಮ್ ಬಾಟಲಿ ಬೇಕಾಯಿತು, ಪರೀಕ್ಷೆ ಮುಗಿಯಿತು.

ಕೆಗ್ಗಿನ ಕಥೆ ಚಿಕ್ಕದು. ಮೊದಲು ಕವಾಟ ಎತ್ತಿ ಒಳಗಿನ ಒತ್ತಡ ಬಿಡಬೇಕು, ಆಮೇಲೇ ಮುಚ್ಚಳಕ್ಕೆ ಕೈ. 22ರ ರಿಂಗ್ ಪಾನಾದಿಂದ (ಸ್ಪ್ಯಾನರ್) ಅನಿಲ ಮತ್ತು ಪಾನೀಯ ಹಾಯುವ ಎರಡೂ ಕವಾಟ ಬಿಚ್ಚಿದೆ. ಈ ಕೆಗ್ಗುಗಳು ಮೂಲತಃ ತಂಪು ಪಾನೀಯದ ಕಂಪನಿಗಳಿಗಾಗಿ ಹುಟ್ಟಿದವು, ಭಾವನ ಕೆಗ್ಗಿನ ರಬ್ಬರ್ ಉಂಗುರಗಳು ಇನ್ನೂ ಕೋಲಾದಂತೆ ನಾರುತ್ತಿದ್ದವು. ರಬ್ಬರ್ ಹೀರಿಕೊಂಡ ವಾಸನೆ ಯಾವ ತೊಳೆತಕ್ಕೂ ಹೋಗುವುದಿಲ್ಲ, ಬದಲಿಸುವುದೇ ದಾರಿ. ಮುಚ್ಚಳಕ್ಕೊಂದು ದೊಡ್ಡದು, ಕವಾಟಗಳಿಗೆ ಎರಡು, ಒಳಗಿನ ನಳಿಕೆಗಳಿಗೆ ಎರಡು, ಒಟ್ಟು ಐದು. ಪುಣೆಯ ಬೋಹ್ರಿ ಆಳಿ ಎಂಬ ಬೀದಿಯ ಅಂಗಡಿಯಾತ ಹಳೆಯ ಉಂಗುರಗಳನ್ನು ಅಂಗೈಯಲ್ಲಿ ಹರಡಿಕೊಂಡು, "ಕಾಕಾ, ಪಂಪಿಗೋ, ಕುಕ್ಕರಿಗೋ?" ಎಂದು ಮರಾಠಿಯಲ್ಲಿ ಕೇಳಿದ. ಕುಡಿಯುವ ನೀರಿಗೆ ಎಂದೆ. ಮೂಸಿ ನೋಡಿ ನಕ್ಕ. ಆಹಾರಕ್ಕೆ ಬಳಸುವ ಸಿಲಿಕೋನಿನಲ್ಲಿ ನಾಲ್ಕು ಸಿಕ್ಕವು. ಐದನೆಯದು, ಮುಚ್ಚಳದ್ದು, ಇನ್ನೂ ಸಿಕ್ಕಿಲ್ಲ. ಕೆಗ್ ಬಾಲ್ಕನಿಯಲ್ಲೇ ಇದೆ, ಸದ್ಯಕ್ಕೆ ತುಳಸಿಕುಂಡದ ಪೀಠವಾಗಿ.

ಬಾಟಲಿಗಳಿಗೆ ನಾನು ಗಾಜು ಬಿಟ್ಟು ಸೋಡಾದ ಪ್ಲಾಸ್ಟಿಕ್ ಬಾಟಲಿಯನ್ನೇ ಹಿಡಿದೆ. ಒತ್ತಡ ಎಷ್ಟಾಯಿತೆಂದು ಹಿಚುಕಿ ನೋಡಬಹುದು, ಕಲ್ಲಿನಂತೆ ಗಟ್ಟಿಯಾದರೆ ಫ್ರಿಜ್ಜಿಗೆ. ಗಾಜು ಹಾಗೆ ಹೇಳಿ ಕೇಳಿ ಒಡೆಯುವುದಿಲ್ಲ. ಆದರೆ ಕುದಿಯುವ ನೀರು ಸುರಿದರೆ ಇವು ಹಪ್ಪಳದಂತೆ ಮುದುಡುತ್ತವೆ, ಒಂದನ್ನು ಹಾಗೆ ಕಳೆದುಕೊಂಡೆ. ಉಳಿದವಕ್ಕೆ ಕೈ ತಾಳುವಷ್ಟು ಬಿಸಿನೀರು, ಪರ್‌ಕಾರ್ಬೊನೇಟ್. ಬ್ರಷ್ ಹಾಕಿದರೆ ಗೀರಾಗುತ್ತದೆಂದು ಅವ್ವ ಹೇಳಿಕೊಟ್ಟಂತೆ ಒಂದು ಹಿಡಿ ಅಕ್ಕಿ ಹಾಕಿ ಕುಲುಕಿದೆ. ಕುತ್ತಿಗೆಯ ಕೆಳಗಿನ ಗಸಿ ಕೂಡ ಬಿಟ್ಟಿತು.

ನಾಲ್ಕನೆಯ ಸಲದ ಹತ್ತು ಲೀಟರನ್ನು ಜೂನ್ ಮೊದಲ ವಾರ ಮಾಡಿದೆ. ಫ್ರಿಜ್ಜಿಗೆ ಹೋದ ನಾಲ್ಕನೆಯ ದಿನ ಯಾರಿಗೂ ಹೇಳದೆ ಒಂದು ಬಾಟಲಿ ತೆರೆದೆ. ಬುಸ್ಸೆಂದಿತು, ಲೋಟಕ್ಕೆ ನೀರಿನಂತೆ ಬಿದ್ದಿತು. ಹತ್ತನೆಯ ದಿನದ ಬಾಟಲಿಯೂ ಹಾಗೇ. ಅವ್ವ ಅರ್ಧ ಲೋಟ ಕುಡಿದು, ಶುಂಠಿ ಜಾಸ್ತಿಯಾಯಿತೆಂದಳು, ಇನ್ನರ್ಧ ಲೋಟ ಕೇಳಿದಳು.

ಬಳಸಿದ ದಿನವೇ ನಲ್ಲಿಯನ್ನು ಬಿಚ್ಚಿಡುವುದು ಈಗ ರೂಢಿಯಾಗಿದೆ, ಗಸಿ ಒಣಗಿದ ಮೇಲೆ ಮೂರು ಪಟ್ಟು ಕೆಲಸ. ಮೂರು ತುಂಡುಗಳನ್ನು ದಾರಕ್ಕೆ ಪೋಣಿಸಿ ಬಾಲ್ಕನಿಯ ಬಟ್ಟೆಹಗ್ಗಕ್ಕೆ ಕಟ್ಟುತ್ತೇನೆ. ಮಳೆ ಹಿಡಿದಿರುವುದರಿಂದ ಒಣಗಲು ಎರಡು ದಿನ ಬೇಕು. ಮಗಳ ಶಾಲೆಯ ಸಾಕ್ಸಿಗೆ ಕ್ಲಿಪ್ಪು ಸಾಲುತ್ತಿಲ್ಲವೆಂದು ಮನೆಯಲ್ಲಿ ದೂರು ಶುರುವಾಗಿದೆ.